ನಗರಾರೋಗ್ಯ ಮತ್ತು ಅಂತರದ ತರ್ಕ: ಬೆಂಗಳೂರಿನ ಆರೋಗ್ಯ ಅಸಮಾನತೆಯ ಒಂದು ವಿಮರ್ಶೆ

1

ಆರೋಗ್ಯವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ವೈದ್ಯಶಾಸ್ತ್ರದ ಅಥವಾ ಆಡಳಿತಶಾಸ್ತ್ರದ ಪರಿಧಿಯೊಳಗೆ ನಡೆಯುತ್ತವೆ. ರೋಗಕ್ಕೆ ಕಾರಣ ಯಾವುದು, ಅದಕ್ಕೆ ಔಷಧ ಯಾವುದು ಎಂಬುದು ಮೊದಲನೆಯದರ ಪ್ರಶ್ನೆ. ಆಸ್ಪತ್ರೆಗಳೆಷ್ಟು, ಹಾಸಿಗೆಗಳೆಷ್ಟು, ವೆಚ್ಚವೆಷ್ಟು ಎಂಬುದು ಎರಡನೆಯದರ ಪ್ರಶ್ನೆ. ಒಂದೇ ನಗರದಲ್ಲಿ, ಒಂದೇ ಗಾಳಿಯನ್ನು ಉಸಿರಾಡುತ್ತ ಬದುಕುವ ಜನರಲ್ಲಿ ಕೆಲವರು ಹೆಚ್ಚು ಕಾಲ ಬಾಳುವುದೂ ಕೆಲವರು ಬೇಗನೆ ಸಾಯುವುದೂ ಏಕೆ ಎಂಬ ಮೂರನೆಯ ಪ್ರಶ್ನೆಯೊಂದಿದೆ. ಈ ಪ್ರಶ್ನೆಯು ಆ ಎರಡೂ ಶಾಸ್ತ್ರಗಳ ಗಡಿಯನ್ನು ದಾಟಿ ಸಮಾಜದ ರಚನೆಯನ್ನೇ ಪ್ರಶ್ನಿಸುತ್ತದೆ. ಆದ್ದರಿಂದ ಅದು ಸಂಸ್ಕೃತಿ ವಿಮರ್ಶೆಯ ಪ್ರಶ್ನೆಯೂ ಹೌದು.

ವ್ಯತ್ಯಾಸ ಮತ್ತು ಅಸಮಾನತೆ ಎಂಬ ಎರಡು ಪರಿಕಲ್ಪನೆಗಳನ್ನು ಇಲ್ಲಿ ಬೇರ್ಪಡಿಸಿ ನೋಡಬೇಕಾಗುತ್ತದೆ. ಎಪ್ಪತ್ತು ವರ್ಷದವರಿಗಿಂತ ಇಪ್ಪತ್ತು ವರ್ಷದವರು ಆರೋಗ್ಯವಂತರಾಗಿರುವುದು ವ್ಯತ್ಯಾಸ. ಚರಂಡಿಯ ಪಕ್ಕದ ಕೇರಿಯಲ್ಲಿ ಹುಟ್ಟಿದ ಮಗುವಿಗೆ ಎರಡು ಬೀದಿಯಾಚೆ ಹುಟ್ಟಿದ ಮಗುವಿಗಿಂತ ಬದುಕುವ ಅವಕಾಶ ಕಡಿಮೆಯಿದ್ದರೆ ಅದು ಅಸಮಾನತೆ. ತಪ್ಪಿಸಲು ಸಾಧ್ಯವಿದ್ದೂ ತಪ್ಪಿಸದೇ ಉಳಿದಿರುವುದೇ ಇದರ ಲಕ್ಷಣ. ಮೈಕೆಲ್ ಮಾರ್ಮಟ್ ಅವರ ಅಧ್ಯಕ್ಷತೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನೇಮಿಸಿದ್ದ ಆಯೋಗವು 2008ರಲ್ಲಿ ಸಲ್ಲಿಸಿದ ವರದಿಯು ಆರೋಗ್ಯದ ಸಾಮಾಜಿಕ ನಿರ್ಧಾರಕಗಳು ಎಂಬ ಹೆಸರಿನಲ್ಲಿ ಇದನ್ನೇ ಪ್ರತಿಪಾದಿಸಿತು. ಹುಟ್ಟುವ, ಬೆಳೆಯುವ, ದುಡಿಯುವ ಮತ್ತು ಮುಪ್ಪಾಗುವ ಪರಿಸ್ಥಿತಿಗಳೇ ಆರೋಗ್ಯವನ್ನು ರೂಪಿಸುತ್ತವೆ ಎಂಬುದು ಅದರ ಸಾರ. ಈ ತಿಳಿವಳಿಕೆ ಹೊಸದೇನಲ್ಲ. 1842ರಲ್ಲಿ ಇಂಗ್ಲೆಂಡಿನ ಎಡ್ವಿನ್ ಚಾಡ್ವಿಕ್ ಸಿದ್ಧಪಡಿಸಿದ ವರದಿಯ ಪ್ರಕಾರ ಮ್ಯಾಂಚೆಸ್ಟರ್ ನಗರದಲ್ಲಿ ಉಳ್ಳವರ ಮರಣದ ಸರಾಸರಿ ವಯಸ್ಸು 38, ಕೂಲಿಕಾರರದು 17. ಮರಣವನ್ನು ವರ್ಗವಾರು ಎಣಿಸಿದ್ದರಿಂದಲೇ ಈ ಅಂತರವು ಕಣ್ಣಿಗೆ ಬಿದ್ದಿತು.

ಈ ಹಿನ್ನೆಲೆಯಲ್ಲಿ ಬೆಂಗಳೂರು ನಗರವು ತನ್ನ ರೋಗಗಳಿಗೆ ಕಂಡುಕೊಂಡ ಉತ್ತರಗಳನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಂದಿನವರೆಗೆ ಈ ಉತ್ತರಗಳ ಹಿಂದೆ ಒಂದೇ ತರ್ಕವು ಬೇರೆ ಬೇರೆ ರೂಪಗಳಲ್ಲಿ ಕೆಲಸ ಮಾಡುತ್ತ ಬಂದಿದೆ. ಅದನ್ನು ಅಂತರದ ತರ್ಕ ಎಂದು ಕರೆಯಬಹುದು. ರೋಗವನ್ನು ನಿವಾರಿಸುವುದಕ್ಕಿಂತ ರೋಗದಿಂದ ದೂರ ಸರಿಯುವುದು, ಹಾಗೆ ಸರಿಯಲಾಗದವರನ್ನು ರೋಗದ ಮೂಲವೆಂದು ಗುರುತಿಸುವುದು ಇದರ ಎರಡು ಮುಖಗಳು.

2

ಬೆಂಗಳೂರಿನ ಆರೋಗ್ಯ ಚರಿತ್ರೆಯಲ್ಲಿ 1898ನೆಯ ಇಸವಿಯು ಒಂದು ಗಡಿಗಲ್ಲು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಮಾರ್ಗವಾಗಿ ಬಂದು 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ಪ್ರವೇಶಿಸಿತು. ಆ ವೇಳೆಗೆ ಬೆಂಗಳೂರು ಒಂದು ನಗರವಾಗಿರಲಿಲ್ಲ, ಎರಡು ನಗರಗಳಾಗಿತ್ತು. ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರಿದ ಪೇಟೆ ಒಂದು ಕಡೆ, ಬ್ರಿಟಿಷರ ಅಧೀನದಲ್ಲಿದ್ದ ದಂಡು ಇನ್ನೊಂದು ಕಡೆ. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದವು. ಬಹುಕಾಲ ಪೇಟೆಯವರ ನೀರಿನ ಆಸರೆ ಧರ್ಮಾಂಬುಧಿಯಂಥ ಕೆರೆಗಳಾಗಿದ್ದವು. ದಂಡಿನ ನೀರಿಗೆಂದು 1882ರಲ್ಲಿಯೇ ಸ್ಯಾಂಕಿ ಕೆರೆ ನಿರ್ಮಾಣವಾಗಿತ್ತು. ಹೆಸರಘಟ್ಟದ ನೀರು ನಗರಕ್ಕೆ ಬಂದದ್ದು 1890ರ ದಶಕದ ನಡುವಿನಲ್ಲಿ. ದಂಡಿನೊಳಗೂ ಬಂಗಲೆಗಳ ಸಾಲು ಬೇರೆ, ಆ ಬಂಗಲೆಗಳಲ್ಲಿ ದುಡಿಯುವವರ ವಸತಿ ಬೇರೆ ಆಗಿತ್ತೆಂಬುದನ್ನು ಮರೆಯುವಂತಿಲ್ಲ.

1891ರ ಜನಗಣತಿಯಲ್ಲಿ ಪೇಟೆ ಮತ್ತು ದಂಡುಗಳೆರಡೂ ಸೇರಿ 1,80,366 ಜನರಿದ್ದರು. 1901ರ ಗಣತಿಯ ಹೊತ್ತಿಗೆ ಆ ಸಂಖ್ಯೆ 1,59,046ಕ್ಕೆ ಇಳಿಯಿತು. ಇಪ್ಪತ್ತು ಸಾವಿರಕ್ಕೂ ಮೀರಿದ ಈ ಇಳಿಕೆಯು ಕೇವಲ ಸಾವಿನ ಲೆಕ್ಕವಲ್ಲ. ಊರು ಬಿಟ್ಟವರ ಲೆಕ್ಕವೂ ಅದರಲ್ಲಿ ಸೇರಿದೆ. ಸಂಸ್ಥಾನವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಮನೆಗಳ ತಪಾಸಣೆ, ಸೋಂಕಿತರ ಪ್ರತ್ಯೇಕ ವಾಸ, ಊರ ಹೊರಗಿನ ಗುಡಿಸಲು ಶಿಬಿರಗಳು, ರೈಲ್ವೆ ಪ್ರಯಾಣಿಕರ ಪರೀಕ್ಷೆ ಇವೆಲ್ಲ ಜಾರಿಗೆ ಬಂದವು. 1900ರ ಡಿಸೆಂಬರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯು ಪೇಟೆಯ ಅಂಚಿನಲ್ಲಿ ಆರಂಭವಾಯಿತು. ಇವುಗಳಲ್ಲಿ ಹಲವು ಅಗತ್ಯವಾದ ಕ್ರಮಗಳೇ ಆಗಿದ್ದವು. ಸಂಸ್ಥಾನದ ಆಡಳಿತವು ಸಾರ್ವಜನಿಕ ಆರೋಗ್ಯವನ್ನು ತನ್ನ ಹೊಣೆಯೆಂದು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

ಆದರೆ ಪ್ಲೇಗು ನಗರದ ಮೈಮೇಲೆ ಬಿಟ್ಟುಹೋದ ಶಾಶ್ವತ ಗುರುತು ಆಸ್ಪತ್ರೆಯಲ್ಲ, ಬಡಾವಣೆ. 1890ರ ದಶಕದ ಆದಿಯಲ್ಲಿಯೇ ಯೋಜಿತವಾಗಿದ್ದ ಬಸವನಗುಡಿ ಮತ್ತು ಮಲ್ಲೇಶ್ವರಗಳು ಪ್ಲೇಗಿನ ತರುವಾಯ ವೇಗವಾಗಿ ಬೆಳೆದವು. ದಂಡಿನ ಕಡೆ 1906ರಿಂದ 1910ರ ನಡುವೆ ಫ್ರೇಜರ್ ಟೌನ್ ಮಾದರಿ ವಸತಿಯಾಗಿ ರೂಪುಗೊಂಡಿತು. ಅಗಲವಾದ ರಸ್ತೆ, ನೇರವಾದ ಅಡ್ಡರಸ್ತೆ, ಮನೆಯ ಹಿಂದೆ ಓಣಿ, ಗಾಳಿ ಬೆಳಕಿಗೆ ಎಡೆಯಿರುವ ನಿವೇಶನ ಇವು ಹೊಸ ಬಡಾವಣೆಗಳ ಲಕ್ಷಣಗಳಾಗಿದ್ದವು. ಈ ಯೋಜನೆಯ ಆರೋಗ್ಯದೃಷ್ಟಿಯು ಪ್ರಶ್ನಾತೀತವಾದುದು. ಪ್ರಶ್ನೆಯಿರುವುದು ಅದು ಯಾರ ಆರೋಗ್ಯ ಎಂಬಲ್ಲಿ. ನಿವೇಶನ ಕೊಂಡು ಮನೆ ಕಟ್ಟಿಸಿಕೊಳ್ಳಬಲ್ಲವರು ಹೊಸ ಬಡಾವಣೆಗಳಿಗೆ ಹೋದರು. ನಿವೇಶನಗಳ ವಿಂಗಡಣೆಯಲ್ಲಿಯೂ ಜಾತಿ ಸಮುದಾಯಗಳ ಪ್ರತ್ಯೇಕತೆಯನ್ನು ಉಳಿಸಿಕೊಳ್ಳಲಾಯಿತು. ಹೀಗೆ ಅಗ್ರಹಾರ ಮತ್ತು ಕೇರಿಗಳ ಹಳೆಯ ನಕ್ಷೆಯನ್ನು ನಗರ ಯೋಜನೆಯೆಂಬ ಆಧುನಿಕ ವಿದ್ಯೆಯು ಅಳಿಸಲಿಲ್ಲ. ಅದನ್ನು ಅಳತೆಗೋಲಿನಿಂದ ಮತ್ತೆ ಬರೆಯಿತು. ಹಳೆಯ ಪೇಟೆಯ ಒತ್ತಡದಲ್ಲಿ ಉಳಿದವರು ಉಳಿದೇ ಹೋದರು.

ಕೇರಿಗಳು ಈ ಅನುಭವವನ್ನು ತಮ್ಮದೇ ರೀತಿಯಲ್ಲಿ ಗ್ರಹಿಸಿದವು. ಪ್ಲೇಗ್ ಮಾರಮ್ಮ, ಪ್ಲೇಗಮ್ಮ ಎಂಬ ಹೆಸರಿನ ಗುಡಿಗಳು ಬೆಂಗಳೂರಿನಲ್ಲಿ ಇಂದಿಗೂ ಇವೆ. ಇಂಗ್ಲಿಷ್ ಹೆಸರಿನ ರೋಗವು ಅಮ್ಮನಾದದ್ದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಮಾರಿಯನ್ನು ಶಾಂತಗೊಳಿಸಿ ಊರ ಗಡಿ ದಾಟಿಸುವ ಜನಪದ ಆಚರಣೆಗೂ, ರೋಗದ ಜಾಗದಿಂದ ತಾನೇ ಗಡಿ ದಾಟಿಹೋಗುವ ಬಡಾವಣೆಯ ಯೋಜನೆಗೂ ಇರುವ ಸಾಮ್ಯವನ್ನು ಗಮನಿಸಬೇಕು. ಎರಡರಲ್ಲಿಯೂ ರೋಗ ಇಲ್ಲವಾಗುವುದಿಲ್ಲ; ಆಚೆಗೆ ಹೋಗುತ್ತದೆ. ಆಚೆ ಇರುವವರು ಯಾರು ಎಂಬ ಪ್ರಶ್ನೆಯನ್ನು ಎರಡೂ ಕೇಳುವುದಿಲ್ಲ.

3

ಸಾವಿನ ಮುಂದೆಯೂ ಈ ಅಂತರ ಹೇಗೆ ಉಳಿಯುತ್ತದೆಂಬುದನ್ನು ಕನ್ನಡ ಸಾಹಿತ್ಯವು ಶಾಸ್ತ್ರಗಳಿಗಿಂತ ಮೊದಲೇ ಗುರುತಿಸಿದೆ. 1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯಲ್ಲಿ ಶಿವಮೊಗ್ಗೆಗೆ ಹೋಗಿ ಜ್ವರದೊಂದಿಗೆ ಮರಳಿದ ನಾರಣಪ್ಪ ಸಾಯುತ್ತಾನೆ. ರೋಗವು ಪಟ್ಟಣದಿಂದ ಅಗ್ರಹಾರಕ್ಕೆ ಬರುತ್ತದೆ. ಕೃತಿಯ ಕುರಿತ ವಿಮರ್ಶೆಯಲ್ಲಿ ಬಹುಪಾಲು ಪ್ರಾಣೇಶಾಚಾರ್ಯರ ಧರ್ಮಸಂಕಟವನ್ನೇ ಕೇಂದ್ರವಾಗಿಸಿಕೊಂಡಿದೆ. ಅದು ಸಹಜವೂ ಹೌದು. ಆದರೆ ಆರೋಗ್ಯದ ನೆಲೆಯಿಂದ ಓದಿದಾಗ ಬೇರೊಂದು ಸಂಗತಿ ಮುನ್ನೆಲೆಗೆ ಬರುತ್ತದೆ. ಅಗ್ರಹಾರದ ಹೆಣವೊಂದು ಸಂಸ್ಕಾರಕ್ಕಾಗಿ ಕಾಯುತ್ತಿರುವಾಗ ಹೊಲಗೇರಿಯಲ್ಲಿಯೂ ಜನ ಸಾಯುತ್ತಾರೆ. ಅವರ ಗುಡಿಸಲುಗಳಿಗೆ ಬೆಂಕಿಯಿಡಲಾಗುತ್ತದೆ. ಒಂದು ಸಾವು ಶಾಸ್ತ್ರಗ್ರಂಥಗಳ ಸಮಸ್ಯೆಯಾಗುತ್ತದೆ. ಇನ್ನೊಂದು ಸಾವು ಅಗ್ರಹಾರದ ಗಮನಕ್ಕೂ ಬರುವುದಿಲ್ಲ. ರೋಗಾಣು ಒಂದೇ ಆದರೂ ಅದರ ಅರ್ಥವು ವಾಸಸ್ಥಾನವನ್ನು ಅನುಸರಿಸಿ ಬದಲಾಗುತ್ತದೆ ಎಂಬುದನ್ನು ಕಾದಂಬರಿಯು ಹೇಳದೆಯೇ ತೋರಿಸುತ್ತದೆ.

ಅಗ್ರಹಾರದ ಒಳಗಿನಿಂದ ಕಾಣುವ ಈ ಚಿತ್ರಕ್ಕೆ ಎದುರಾಗಿ ಸಿದ್ಧಲಿಂಗಯ್ಯನವರ ಆತ್ಮಕಥನ 'ಊರುಕೇರಿ'ಯನ್ನು ಇಟ್ಟು ನೋಡಬೇಕು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದ ಕುಟುಂಬದ ಹುಡುಗನೊಬ್ಬನ ಕಣ್ಣಿನಲ್ಲಿ ನಗರವು ಇಲ್ಲಿ ಮೂಡಿದೆ. ಓದಲು ಮನೆಯಲ್ಲಿ ಸ್ಥಳವಿಲ್ಲದ ಹುಡುಗನಿಗೆ ಸ್ಮಶಾನವೇ ಓದುವ ಕೋಣೆಯಾಗುತ್ತದೆ. ಈ ಕೃತಿಯಲ್ಲಿ ಬಡತನದ ಬಗ್ಗೆ ಗೋಳಿಲ್ಲ, ವಿನೋದವಿದೆ. ಸ್ಮಶಾನವನ್ನು ಭಯದ ಸ್ಥಳವೆಂದು ಕಾಣುವ ಊರಿನ ದೃಷ್ಟಿಗೂ, ಅದನ್ನು ನಗರದಲ್ಲಿ ಸಿಕ್ಕಬಹುದಾದ ಏಕೈಕ ಬಯಲೆಂದು ಕಾಣುವ ಕೇರಿಯ ದೃಷ್ಟಿಗೂ ನಡುವಿನ ಅಂತರವೇ ಆ ವಿನೋದದ ಮೂಲ. ಬಡಾವಣೆಯಲ್ಲಿ ಉದ್ಯಾನಕ್ಕೆ ಸ್ಥಳ ಮೀಸಲಿಟ್ಟ ನಗರವು ಶ್ರೀರಾಮಪುರದ ಮಗುವಿಗೆ ಮೀಸಲಿಟ್ಟದ್ದು ಏನನ್ನು ಎಂಬ ಪ್ರಶ್ನೆಯು ನಗುವಿನ ಒಳಗೆ ಅಡಗಿದೆ. ಸಿದ್ಧಲಿಂಗಯ್ಯನವರು 2021ರ ಜೂನ್‌ನಲ್ಲಿ ಇದೇ ನಗರದಲ್ಲಿ ಕೋವಿಡ್‌ನಿಂದ ನಿಧನರಾದರು.

ಈ ಸಂದರ್ಭದಲ್ಲಿ ಭಾಷೆಯ ಸಾಕ್ಷ್ಯವನ್ನೂ ಪರಿಶೀಲಿಸಬಹುದು. ಬಡವರ ವಸತಿಗೆ ಕನ್ನಡದ ಆಡಳಿತ ಭಾಷೆಯು ಕೊಟ್ಟ ಹೆಸರು ಕೊಳೆಗೇರಿ ಅಥವಾ ಕೊಳಚೆ ಪ್ರದೇಶ. ಕೊಳೆಯು ಅಲ್ಲಿಗೆ ಹರಿದುಬಂದದ್ದು ಎಲ್ಲಿಂದ ಎಂಬುದನ್ನು ಈ ಪದವು ಮರೆಸುತ್ತದೆ. ಇಡೀ ನಗರದ ಕೊಳೆ ತಗ್ಗಿನತ್ತ ಹರಿಯುತ್ತದೆ. ಬೆಲೆ ಕಡಿಮೆಯಿರುವ ತಗ್ಗಿನಲ್ಲಿ ಬಡವರು ನೆಲೆಸುತ್ತಾರೆ. ಹೆಸರು ಮಾತ್ರ ನೆಲೆಸಿದವರಿಗೆ ಅಂಟುತ್ತದೆ. 1973ರಲ್ಲಿ ಕರ್ನಾಟಕವು ಕೊಳಚೆ ಪ್ರದೇಶಗಳ ಅಭಿವೃದ್ಧಿ ಮತ್ತು ನಿರ್ಮೂಲನಕ್ಕೆ ಸಂಬಂಧಿಸಿದ ಕಾಯಿದೆಯನ್ನು ಮಾಡಿತು. ಅದರಡಿ ರಚಿತವಾದ ಮಂಡಳಿಯ ಹೆಸರಿನಲ್ಲಿದ್ದ 'ನಿರ್ಮೂಲನ'ವು ಮುಂದೆ 'ಅಭಿವೃದ್ಧಿ'ಯಾಗಿ ಬದಲಾಯಿತು. ಹೆಸರಿನ ಈ ಬದಲಾವಣೆಯ ಹಿಂದೆ ಕೇರಿಯ ಜನರ ದೀರ್ಘ ಒತ್ತಾಯವಿದೆ: ನಿರ್ಮೂಲವಾಗಬೇಕಾದದ್ದು ಕೊಳೆಯೇ ಹೊರತು ತಾವಲ್ಲ ಎಂಬುದು.

4

ಅದೇ 1970ರ ದಶಕದಲ್ಲಿ ಅಂತರದ ತರ್ಕಕ್ಕೆ ಒಳಗಿನಿಂದಲೇ ಪ್ರತಿರೋಧ ಹುಟ್ಟಿತು. ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು ಕ್ರಮ ಕೈಗೊಂಡರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಆಡಿದ ಮಾತಿನಿಂದ ಹುಟ್ಟಿದ ಬೂಸಾ ಪ್ರಕರಣವನ್ನು ಕನ್ನಡ ಸಾಹಿತ್ಯ ಚರಿತ್ರೆಯು ದಲಿತ ಬಂಡಾಯ ಚಳವಳಿಗಳ ಪೂರ್ವಪೀಠಿಕೆಯೆಂದು ದಾಖಲಿಸಿದೆ. ಅದೇ ವ್ಯಕ್ತಿಯ ಮಲ ಹೊರುವ ಪದ್ಧತಿಯ ನಿಷೇಧವು ಸಾಹಿತ್ಯ ಚರಿತ್ರೆಯ ಹೊರಗೆ ಉಳಿದಿದೆ. ಆರೋಗ್ಯ ಚರಿತ್ರೆಯಲ್ಲಿಯೂ ಅದಕ್ಕೆ ದೊರೆತ ಸ್ಥಾನ ಕಡಿಮೆ. ವಾಸ್ತವವಾಗಿ ಇವೆರಡೂ ಒಂದೇ ವಿಚಾರದ ಎರಡು ರೂಪಗಳು. ಯಾರ ಅನುಭವ ಸಾಹಿತ್ಯವಾಗುವುದಿಲ್ಲವೋ ಅವರ ದೇಹದ ದಣಿವು ಆರೋಗ್ಯದ ಅಂಕಿಅಂಶವೂ ಆಗುವುದಿಲ್ಲ.

ಐ. ಪಿ. ಡಿ. ಸಾಲಪ್ಪ ಅವರ ಸಮಿತಿಯು 1976ರ ವರದಿಯಲ್ಲಿ ಪೌರಕಾರ್ಮಿಕರ ದುಡಿಮೆ ಮತ್ತು ಬದುಕಿನ ಸ್ಥಿತಿಯನ್ನು ವಿವರಿಸಿ, 500 ಜನರಿಗೆ ಒಬ್ಬ ಪೌರಕಾರ್ಮಿಕರಿರಬೇಕೆಂಬ ಪ್ರಮಾಣವನ್ನು ಸೂಚಿಸಿತು. ಆ ಪ್ರಮಾಣವು ತರುವಾಯ 700ಕ್ಕೆ ಸಡಿಲವಾಯಿತು. ದುಡಿಮೆಯ ಬಹುಭಾಗ ಗುತ್ತಿಗೆದಾರರ ಕೈಗೆ ಹೋಯಿತು. ಬೆಂಗಳೂರಿನ ಬೀದಿ ಗುಡಿಸುವವರಲ್ಲಿ ಹೆಚ್ಚಿನವರು ದಲಿತ ಮಹಿಳೆಯರು. ನಗರದ ಆರೋಗ್ಯಕ್ಕೆ ಮೊದಲ ರಕ್ಷಣೆಯಾದ ಕೆಲಸವನ್ನು ಮಾಡುವವರಿಗೆ ಧೂಳಿನಿಂದ ಶ್ವಾಸದ ತೊಂದರೆ, ಬಾಗಿ ಗುಡಿಸುವುದರಿಂದ ಬೆನ್ನುನೋವು, ಬೀದಿಯಲ್ಲಿ ಶೌಚಾಲಯವಿಲ್ಲದ್ದರಿಂದ ನೀರು ಕುಡಿಯದೆ ಇರುವ ಅಭ್ಯಾಸ ಇವು ವೃತ್ತಿಯೊಡನೆ ಬಂದ ಬಳುವಳಿಗಳಾಗಿವೆ. ಇವರ ಸತತ ಹೋರಾಟದ ಫಲವಾಗಿ 2017ರ ಸುಮಾರಿಗೆ ಗುತ್ತಿಗೆ ಪದ್ಧತಿಗೆ ಬದಲಾಗಿ ನೇರ ವೇತನ ಪಾವತಿ ಆರಂಭವಾಯಿತು. 2022ರ ಮುಷ್ಕರದ ಬಳಿಕ ಕಾಯಮಾತಿಯ ಪ್ರಕ್ರಿಯೆ ಮುಂದುವರಿದು, 2025ರ ಮೇ 1ರಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ನೀಡಲಾಯಿತು. ಇದನ್ನು ಕಾರ್ಮಿಕ ಇಲಾಖೆಯ ಸುದ್ದಿಯೆಂದಷ್ಟೇ ಓದಲಾಗಿದೆ. ಕಾಯಂ ವೇತನ, ರಜೆ, ನಿವೃತ್ತಿ ವೇತನಗಳು ದೇಹದ ಮೇಲೆ ಬೀರುವ ಪರಿಣಾಮವನ್ನು ಗಮನಿಸಿದರೆ ಇದನ್ನು ಬೆಂಗಳೂರಿನ ಇತ್ತೀಚಿನ ಮುಖ್ಯ ಆರೋಗ್ಯ ಕಾರ್ಯಕ್ರಮಗಳಲ್ಲಿ ಒಂದೆಂದು ಪರಿಗಣಿಸಬೇಕಾಗುತ್ತದೆ.

5

ಆರೋಗ್ಯ ಅಸಮಾನತೆಗೆ ಸಾಮಾನ್ಯವಾಗಿ ಮೂರು ವಿವರಣೆಗಳನ್ನು ಕೊಡಲಾಗುತ್ತದೆ: ಬಡವರ ಅಜ್ಞಾನ, ಆಸ್ಪತ್ರೆಗಳ ಕೊರತೆ ಮತ್ತು ಚಿಕಿತ್ಸೆಯ ವೆಚ್ಚ. ಈ ಮೂರನ್ನೂ ಒಂದೊಂದಾಗಿ ಪರೀಕ್ಷಿಸಬೇಕಾಗಿದೆ.

ಅಜ್ಞಾನದ ವಾದವನ್ನು ಬೆಂಗಳೂರಿನಲ್ಲಿ ನೆಲೆಗೊಂಡ ಸಂಸ್ಥೆಯೊಂದರ ಸಂಶೋಧನೆಯೇ ಬಹಳ ಹಿಂದೆ ಅಲ್ಲಗಳೆದಿದೆ. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು ಕ್ಷಯರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ತಮ್ಮ ರೋಗಲಕ್ಷಣಗಳಿಗಾಗಿ ಆಗಲೇ ವೈದ್ಯಕೀಯ ನೆರವನ್ನು ಕೋರಿ ಹೋಗಿದ್ದರೆಂಬುದನ್ನು ತೋರಿಸಿತು. ರೋಗಿಗಳು ಆಸ್ಪತ್ರೆಗೆ ಬಂದಿದ್ದರು. ಆಸ್ಪತ್ರೆಯು ಅವರ ರೋಗವನ್ನು ಪತ್ತೆಹಚ್ಚದೆ ಕೆಮ್ಮಿನ ಔಷಧದ ಸೀಸೆ ಕೊಟ್ಟು ಕಳುಹಿಸಿತ್ತು. ಗ್ರಾಮೀಣ ಪರಿಸರದ ಅಧ್ಯಯನವಾದರೂ ಇದರ ಪಾಠ ನಗರಕ್ಕೂ ಅನ್ವಯಿಸುತ್ತದೆ. ಅರಿವು ಮೂಡಿಸಬೇಕಾದದ್ದು ಯಾರಲ್ಲಿ ಎಂಬ ಪ್ರಶ್ನೆಯನ್ನು ಈ ಅಧ್ಯಯನ ತಿರುಗುಮುರುಗಾಗಿಸಿತು.

ಆಸ್ಪತ್ರೆಗಳ ಕೊರತೆಯ ವಾದವು ಬೆಂಗಳೂರಿನ ಮಟ್ಟಿಗೆ ಮೇಲುನೋಟಕ್ಕೇ ನಿಲ್ಲುವುದಿಲ್ಲ. ದೇಶವಿದೇಶಗಳಿಂದ ರೋಗಿಗಳು ಚಿಕಿತ್ಸೆಗೆಂದು ಬರುವ ನಗರವಿದು. ಆರೈಕೆಯ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿ ಒಳ್ಳೆಯ ಆರೈಕೆಯ ಲಭ್ಯತೆ ಕಡಿಮೆ ಎಂದು ಬ್ರಿಟನ್ನಿನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಮಂಡಿಸಿದ ವಿಲೋಮ ನಿಯಮಕ್ಕೆ ಇದು ಉದಾಹರಣೆ. ಕೊರತೆಯಿರುವುದು ಆಸ್ಪತ್ರೆಗಳಲ್ಲಲ್ಲ, ಮನೆಯ ಹತ್ತಿರದ ಪ್ರಾಥಮಿಕ ಆರೈಕೆಯಲ್ಲಿ. 1946ರ ಭೋರ್ ಸಮಿತಿಯ ವರದಿಯಿಂದ ಮೊದಲ್ಗೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆಯು ಮುಖ್ಯವಾಗಿ ಗ್ರಾಮವನ್ನು ಕಣ್ಣೆದುರಿಗಿಟ್ಟುಕೊಂಡು ಬೆಳೆಯಿತು. ನಗರಕ್ಕೆ ದೊಡ್ಡಾಸ್ಪತ್ರೆಯೇ ಸಾಕೆಂಬ ಗ್ರಹಿಕೆ ಬಲವಾಗಿತ್ತು. ಕೊಳೆಗೇರಿಗಳಿಗೆ ಆರೋಗ್ಯ ಕೇಂದ್ರಗಳು ಬೇಕೆಂದು ಕೃಷ್ಣನ್ ಸಮಿತಿ 1982ರಲ್ಲಿ ಹೇಳಿತು. 1990ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಭಾರತ ಜನಸಂಖ್ಯಾ ಯೋಜನೆ–8ರ ಅಡಿಯಲ್ಲಿ ಬೆಂಗಳೂರಿನ ಬಡಜನರಿಗಾಗಿ ಆರೋಗ್ಯ ಕೇಂದ್ರಗಳು, ಹೆರಿಗೆ ಆಸ್ಪತ್ರೆಗಳು ಬಂದವು. ಯೋಜನೆಯ ಹೆಸರೇ ಸೂಚಿಸುವಂತೆ ಕೇರಿಯ ಹೆಣ್ಣನ್ನು ಇಲ್ಲಿ ಗಮನಿಸಿದ್ದು ತಾಯಿಯಾಗಿ, ಹೆರುವವಳಾಗಿ. ದುಡಿಯುವವಳಾಗಿ, ರಕ್ತಹೀನತೆಯಿಂದ ಬಳಲುವವಳಾಗಿ, ಮುಪ್ಪಾಗುವವಳಾಗಿ ಅವಳು ಕಾಣಿಸಿಕೊಂಡದ್ದು ಕಡಿಮೆ.

2013ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನವು 50,000 ಜನಸಂಖ್ಯೆಗೆ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರವೆಂಬ ಮಾನದಂಡವನ್ನು ರೂಪಿಸಿತು. 2022ರ ಡಿಸೆಂಬರಿನಲ್ಲಿ ರಾಜ್ಯದಲ್ಲಿ 'ನಮ್ಮ ಕ್ಲಿನಿಕ್'ಗಳು ಆರಂಭವಾಗಿ 2023ರಲ್ಲಿ ಬೆಂಗಳೂರಿಗೂ ವಿಸ್ತರಿಸಿದವು. ವಾರ್ಡಿಗೊಂದು ಉಚಿತ ಚಿಕಿತ್ಸಾಲಯವೆಂಬ ಕಲ್ಪನೆಯು ಅಂತರದ ತರ್ಕಕ್ಕೆ ವಿರುದ್ಧ ದಿಕ್ಕಿನದು, ಅದನ್ನು ಸ್ವಾಗತಿಸಬೇಕು. ಆದರೆ ಅವುಗಳನ್ನು ಆರಂಭಿಸಿದಾಗ ನಿಗದಿಯಾದ ವೇಳೆ ಬೆಳಗ್ಗೆ 9ರಿಂದ ಸಂಜೆ 4.30. ಬೆಳಗ್ಗೆ ಎಂಟಕ್ಕೆ ಸಿದ್ಧ ಉಡುಪು ಕಾರ್ಖಾನೆಗೆ ಹೊರಡುವ ಹೆಂಗಸಿಗೆ, ದಿನಗೂಲಿಗೆ ಹೋಗುವ ಗಾರೆ ಕೆಲಸದವನಿಗೆ ಈ ವೇಳೆಯ ಅರ್ಥ ಒಂದು ದಿನದ ಸಂಬಳದ ನಷ್ಟ. ಉಚಿತವೆಂಬುದು ಆಗ ಉಚಿತವಾಗಿ ಉಳಿಯುವುದಿಲ್ಲ. ವಾರ್ಡಿಗೆ ಒಂದರಂತೆ ಸಮಾನವಾಗಿ ಹಂಚುವುದೂ ಅಗತ್ಯಕ್ಕೆ ತಕ್ಕಂತೆ ಹಂಚುವುದೂ ಒಂದೇ ಅಲ್ಲವೆಂಬುದನ್ನು ಇದರೊಂದಿಗೆ ಗಮನಿಸಬೇಕು.

ಮೂರನೆಯದು ವೆಚ್ಚದ ವಾದ. ಇದಕ್ಕೆ ಉತ್ತರವಾಗಿ ವಿಮಾ ಮಾದರಿಯ ಯೋಜನೆಗಳು ಬಂದಿವೆ. 2010ರ ವಾಜಪೇಯಿ ಆರೋಗ್ಯಶ್ರೀ, 2018ರ ಆರೋಗ್ಯ ಕರ್ನಾಟಕ, ಅದೇ ವರ್ಷ ಅದರೊಡನೆ ಜೋಡಣೆಯಾದ ಆಯುಷ್ಮಾನ್ ಭಾರತ ಇವು ಮುಖ್ಯವಾದವು. ಇವುಗಳನ್ನು ಸಾರಾಸಗಟಾಗಿ ತಿರಸ್ಕರಿಸುವುದು ನ್ಯಾಯವಲ್ಲ. ಆರೋಗ್ಯಶ್ರೀಯ ವ್ಯಾಪ್ತಿಗೆ ಬಂದ ಹಳ್ಳಿಗಳ ಬಡಕುಟುಂಬಗಳಲ್ಲಿ ಆ ಯೋಜನೆಯಡಿ ಬರುವ ರೋಗಗಳಿಂದ ಸಂಭವಿಸುವ ಸಾವು ಕಡಿಮೆಯಾದುದನ್ನು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಧ್ಯಯನವೊಂದು ತೋರಿಸಿದೆ. ಆದರೆ ಈ ಯೋಜನೆಗಳ ಮುಖ್ಯ ಒತ್ತು ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಯ ಮೇಲಿದೆ. ಮಧುಮೇಹ, ರಕ್ತದೊತ್ತಡಗಳಿಗೆ ತಿಂಗಳು ತಿಂಗಳೂ ಕೊಳ್ಳಬೇಕಾದ ಮಾತ್ರೆಗಳು ಬಡಕುಟುಂಬದ ಕೈಯಿಂದ ಹಣ ಖರ್ಚು ಮಾಡಿಸುತ್ತವೆ. ಮಾತ್ರೆ ನಿಂತು ಮೂತ್ರಪಿಂಡ ಕೆಟ್ಟಾಗ, ಪಾರ್ಶ್ವವಾಯು ಬಡಿದಾಗ ವಿಮೆಯ ಬಾಗಿಲು ತೆರೆಯುತ್ತದೆ. ರೋಗವು ಬೆಳೆಯುವವರೆಗೆ ಕಾದು ಆಮೇಲೆ ನೆರವಾಗುವ ಕ್ರಮವಿದು. ಕಾರ್ಮಿಕ ರಾಜ್ಯ ವಿಮೆಗೆ 1948ರ ಕಾಯಿದೆಯ ಆಧಾರವಿದ್ದರೂ ಅದು ಕಾರ್ಖಾನೆ, ಸಂಸ್ಥೆಗಳ ನೌಕರರನ್ನು ಕುರಿತದ್ದು. ಮನೆಗೆಲಸದವರು ಅದರ ಹೊರಗೇ ಉಳಿದರು.

6

ಆರೋಗ್ಯದ ಅಸಮಾನತೆಯು ಆಸ್ಪತ್ರೆಯ ಹೊರಗೆ ಹೇಗೆ ಉತ್ಪತ್ತಿಯಾಗುತ್ತದೆ ಎಂಬುದಕ್ಕೆ ನೀರು ಸ್ಪಷ್ಟವಾದ ನಿದರ್ಶನ. ಕಾವೇರಿಯ ನೀರು ಮೊದಲ ಹಂತದಲ್ಲಿ 1974ರಲ್ಲಿ ಬೆಂಗಳೂರಿಗೆ ಬಂದಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆತ್ತಿ ತರಬೇಕಾದ ಈ ನೀರಿಗೆ ಸರ್ಕಾರದ ಸಹಾಯಧನವಿದೆ. ಆದರೆ ಆ ಸಹಾಯಧನ ನಲ್ಲಿಯ ಮೂಲಕವೇ ಹರಿಯುತ್ತದೆ. 2007ರಲ್ಲಿ ನಗರಕ್ಕೆ ಸೇರಿದ ಹೊರವಲಯದ 110 ಹಳ್ಳಿಗಳಿಗೆಂದು ಯೋಜಿಸಿದ ಐದನೆಯ ಹಂತವು ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ, ಹದಿನೇಳು ವರ್ಷಗಳ ತರುವಾಯ. ಅದೇ ವರ್ಷದ ಬೇಸಗೆಯ ಬರಗಾಲದಲ್ಲಿ ಜಿಲ್ಲಾಡಳಿತವು ಟ್ಯಾಂಕರ್ ನೀರಿನ ದರವನ್ನು ನಿಗದಿಗೊಳಿಸಿದಾಗ 6,000 ಲೀಟರಿಗೆ ಐದು ಕಿಲೋಮೀಟರ್ ಒಳಗೆ 600 ರೂಪಾಯಿ, ಎಂದರೆ ಸಾವಿರ ಲೀಟರಿಗೆ 100 ರೂಪಾಯಿ ಆಯಿತು. ಆಗ ಜಾರಿಯಲ್ಲಿದ್ದ 2014ರ ದರದಂತೆ ಜಲಮಂಡಳಿಯ ನಲ್ಲಿ ನೀರು ಗೃಹಬಳಕೆಯ ಮೊದಲ ಹಂತದಲ್ಲಿ ಸಾವಿರ ಲೀಟರಿಗೆ 7 ರೂಪಾಯಿ. ಕನಿಷ್ಠ ಶುಲ್ಕ, ಒಳಚರಂಡಿ ಶುಲ್ಕಗಳನ್ನು ಸೇರಿಸಿದರೂ ಎರಡರ ನಡುವೆ ಅಜಗಜಾಂತರವಿದೆ. ಟ್ಯಾಂಕರ್ ನೀರನ್ನು ಉಳ್ಳವರ ವಸತಿ ಸಮುಚ್ಚಯಗಳೂ ಕೊಂಡವೆಂಬುದು ನಿಜ. ಅವರಿಗೆ ಅದು ಖರ್ಚು; ಬಡಕುಟುಂಬಕ್ಕೆ ಅದು ಹಾಲು, ಬೇಳೆ, ಔಷಧಗಳಲ್ಲಿ ಒಂದನ್ನು ಬಿಡಬೇಕಾದ ಲೆಕ್ಕ. ಕೈ ತೊಳೆಯುವುದನ್ನು ಕಲಿಸುವ ಆರೋಗ್ಯ ಪ್ರಚಾರವು ಈ ಲೆಕ್ಕವನ್ನು ಎಂದೂ ಒಳಗೊಂಡಿಲ್ಲ.

ಕೋವಿಡ್ ಕಾಲದಲ್ಲಿ ಅಂತರವೆಂಬ ಪದವೇ ಆರೋಗ್ಯದ ಸೂತ್ರವಾಯಿತು. ಸಾಮಾಜಿಕ ಅಂತರ ಎಂಬ ನುಡಿಗಟ್ಟು ಜಾತಿ ಸಮಾಜದಲ್ಲಿ ಯಾವ ನೆನಪುಗಳನ್ನು ಕೆದಕುತ್ತದೆಂಬ ಅರಿವಿಲ್ಲದೆಯೇ ಅದು ಚಲಾವಣೆಗೆ ಬಂದಿತು. ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಮನೆಗೆ ಅದು ಪಾಲಿಸಲಾಗದ ಆದೇಶವಾಗಿತ್ತು. 2021ರ ಮೇ 1ರಿಂದ 18ರಿಂದ 44 ವಯಸ್ಸಿನವರಿಗೆ ಲಸಿಕೆ ಆರಂಭವಾದಾಗ ಅಂತರ್ಜಾಲದಲ್ಲಿ ಮುಂಗಡ ನೋಂದಣಿ ಕಡ್ಡಾಯವಾಗಿತ್ತು. ಆ ಜಾಲತಾಣ ಕನ್ನಡದಲ್ಲಿ ದೊರೆತದ್ದು ಜೂನ್ ತಿಂಗಳಿನಲ್ಲಿ. ಎರಡನೆಯ ಅಲೆಯ ಅತ್ಯಂತ ಭೀಕರ ದಿನಗಳಲ್ಲಿ ಲಸಿಕೆಯು ಇಂಗ್ಲಿಷ್ ಓದಬಲ್ಲ, ಬೆರಳ ತುದಿಯಲ್ಲಿ ಜಾಗ ಕಾದಿರಿಸಬಲ್ಲ ದೇಹಗಳನ್ನು ಮೊದಲು ತಲುಪಿತು. ಇಲ್ಲಿ ಯಾರೂ ಯಾರನ್ನೂ ಹೊರಗಿಡಬೇಕೆಂದು ತೀರ್ಮಾನಿಸಿರಲಿಲ್ಲ. ವ್ಯವಸ್ಥೆಯನ್ನು ರೂಪಿಸಿದವರ ಕಣ್ಣಿಗೆ ತಮ್ಮಂಥ ಪ್ರಜೆಯೊಬ್ಬನೇ ಕಂಡಿದ್ದನು. ಅಂತರದ ತರ್ಕವು ದುರುದ್ದೇಶವಿಲ್ಲದೆಯೂ ಕೆಲಸ ಮಾಡುತ್ತದೆ. ಅದರ ಬಲವಿರುವುದೂ ಅಲ್ಲಿಯೇ.

7

ಇಷ್ಟೆಲ್ಲ ಚರ್ಚೆಯ ಬಳಿಕ ಎದುರಾಗುವುದು ಮಾಹಿತಿಯ ಪ್ರಶ್ನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 47.8ರಷ್ಟು ಜನರಿಗೆ ರಕ್ತಹೀನತೆಯಿತ್ತು. ಸಮೀಕ್ಷೆಯು ಬೆಂಗಳೂರು ನಗರ ಜಿಲ್ಲೆಗೂ ಅಂಕಿಗಳನ್ನು ನೀಡುತ್ತದೆ. ಜಿಲ್ಲೆಯ ಕೆಳಗಿನ ಮಟ್ಟಕ್ಕೆ ಇಳಿಯುವುದಿಲ್ಲ. ಸದಾಶಿವನಗರ ಮತ್ತು ಶ್ರೀರಾಮಪುರಗಳು ಒಂದೇ ಸರಾಸರಿಯಲ್ಲಿ ಕರಗಿಹೋಗುತ್ತವೆ. 2011ರ ಜನಗಣತಿಯು ಮಹಾನಗರ ಪಾಲಿಕೆಯ 84 ಲಕ್ಷ ಜನರಲ್ಲಿ ಸುಮಾರು 7 ಲಕ್ಷ ಮಂದಿ ಕೊಳೆಗೇರಿಗಳಲ್ಲಿರುವರೆಂದು ಎಣಿಸಿತು. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೂಡಲ್ಪಟ್ಟಿತು. ಎಣಿಕೆಗೆ ಬಾರದವರ ರೋಗ ಯೋಜನೆಗೂ ಬರುವುದಿಲ್ಲ. 1842ರ ಮ್ಯಾಂಚೆಸ್ಟರಿನ ಕೂಲಿಕಾರನ ಮರಣದ ವಯಸ್ಸನ್ನು ಇಂದಿಗೂ ಹೇಳಬಹುದು. ಇಂದಿನ ಬೆಂಗಳೂರಿನ ಪೌರಕಾರ್ಮಿಕರ ಬಗ್ಗೆ ಅಂಥ ಒಂದು ಅಂಕಿಯನ್ನು ನಗರಾಡಳಿತವು ಪ್ರತಿವರ್ಷ ಪ್ರಕಟಿಸುವ ಪದ್ಧತಿ ಬೆಳೆದುಬಂದಿಲ್ಲ. ಮರಣ ನೋಂದಣಿಯಲ್ಲಿ ವಿಳಾಸವಿರುತ್ತದೆ, ವಯಸ್ಸಿರುತ್ತದೆ. ಅವನ್ನು ವಾರ್ಡುವಾರು ಜೋಡಿಸಿ ಓದುವ ಇಚ್ಛೆಯಷ್ಟೇ ಬೇಕಾಗಿದೆ.

2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ನಗರಪಾಲಿಕೆಗಳು ರಚನೆಯಾದವು. ಪೇಟೆ ಮತ್ತು ದಂಡು ಎಂಬ ಎರಡು ಆಡಳಿತಗಳಿದ್ದ ನಗರವು 1949ರಲ್ಲಿ ಒಂದಾಗಿ, ಈಗ ಐದಾಗಿದೆ. ತೆರಿಗೆ ಹೆಚ್ಚು ಬರುವ ಭಾಗಕ್ಕೂ ಕಡಿಮೆ ಬರುವ ಭಾಗಕ್ಕೂ ನಡುವೆ ಹಣದ ಹಂಚಿಕೆ ಹೇಗೆ ನಡೆಯುತ್ತದೆಂಬುದರ ಮೇಲೆ ಈ ವಿಭಜನೆಯು ಆರೋಗ್ಯದ ಅಂತರವನ್ನು ಹೆಚ್ಚಿಸುವುದೋ ತಗ್ಗಿಸುವುದೋ ನಿರ್ಧಾರವಾಗುತ್ತದೆ.

ಒಟ್ಟಾರೆಯಾಗಿ ಹೇಳುವುದಾದರೆ, ಬೆಂಗಳೂರಿನ ಆರೋಗ್ಯ ಚರಿತ್ರೆಯಲ್ಲಿ ಎರಡು ಧಾರೆಗಳಿವೆ. ಪ್ಲೇಗಿನ ಬಡಾವಣೆಯಿಂದ ಕೋವಿಡ್ ಲಸಿಕೆಯ ನೋಂದಣಿಯವರೆಗೆ ಹರಿದುಬಂದ ಅಂತರದ ಧಾರೆ ಒಂದು. ಮಲ ಹೊರುವ ಪದ್ಧತಿಯ ನಿಷೇಧ, ಸಾಲಪ್ಪ ವರದಿ, ಪೌರಕಾರ್ಮಿಕರ ಕಾಯಮಾತಿಯ ಹೋರಾಟ, ವಾರ್ಡಿನ ಚಿಕಿತ್ಸಾಲಯ ಇವುಗಳಲ್ಲಿ ಕಾಣುವ ಸಾಮೀಪ್ಯದ ಧಾರೆ ಇನ್ನೊಂದು. ಮೊದಲನೆಯದು ಯೋಜನಾ ದಾಖಲೆಗಳಲ್ಲಿ ವಿಸ್ತಾರವಾಗಿ ಸಿಗುತ್ತದೆ. ಎರಡನೆಯದು ಚದುರಿಹೋಗಿದೆ, ಅದರ ಆಕರಗಳು ಸಮಿತಿ ವರದಿಗಳಲ್ಲಿ, ಸಂಘಟನೆಗಳ ಕರಪತ್ರಗಳಲ್ಲಿ, ಆತ್ಮಕಥನಗಳಲ್ಲಿ, ಕೇರಿಯ ಗುಡಿಗಳಲ್ಲಿ ಹಂಚಿಹೋಗಿವೆ. ಇವುಗಳನ್ನು ಒಟ್ಟುಗೂಡಿಸಿ ಓದುವ ಕೆಲಸ ಕನ್ನಡ ಸಂಶೋಧನೆಯ ಮುಂದಿದೆ. ಕ್ಲಿನಿಕ್ಕಿನ ಬಾಗಿಲು ಯಾವ ವೇಳೆಯಲ್ಲಿ ತೆರೆದಿರಬೇಕು, ನಲ್ಲಿ ಮೊದಲು ಯಾವ ಬೀದಿಗೆ ಬರಬೇಕು, ಸಾವನ್ನು ಯಾವ ವಿಳಾಸದಿಂದ ಎಣಿಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಬೇಕಾದದ್ದು ಈ ಎರಡನೆಯ ಧಾರೆಯಲ್ಲಿಯೇ.